ಮರಿಯಮ್ಮನವರಿಗೆ ಒಂದು ಸಾಲು, ಜಿಹಾದ್‌ಗೆ ಒಂದೂವರೆ ಪುಟ

ಪ್ರಿಯರೇ,

‘ಮುಸಲ್ಮಾನರನ್ನು ಅರಿಯೋಣ’ ಎಂಬ ನಿಮ್ಮ ಲೇಖನ ತಲುಪಿದೆ. ಕರಾವಳಿಯ ಕ್ರೈಸ್ತ ಓದುಗರಿಗೆ ಇಸ್ಲಾಮನ್ನು ಪರಿಚಯಿಸಬೇಕು, ಅಕ್ಕಪಕ್ಕದ ಮುಸ್ಲಿಮರೊಂದಿಗೆ ಗೌರವದಿಂದ ನಡೆದುಕೊಳ್ಳುವುದು ಹೇಗೆಂದು ಹೇಳಬೇಕು ಎಂಬುದು ನಿಮ್ಮ ಉದ್ದೇಶ ಎಂದು ಜೊತೆಗಿನ ಪತ್ರದಲ್ಲಿ ಬರೆದಿದ್ದೀರಿ. ಉದ್ದೇಶದ ಬಗ್ಗೆ ತಕರಾರಿಲ್ಲ. ಲೇಖನವನ್ನು ಮಾತ್ರ ಈಗಿರುವಂತೆ ಅಚ್ಚು ಹಾಕಲಾರೆ. ಇದನ್ನು ಓದುವ ಮುಸ್ಲಿಮರೊಬ್ಬರು ‘ಹೌದು, ಇದು ನಾವೇ’ ಎನ್ನುವ ಒಂದು ಪುಟವೂ ನನಗೆ ಸಿಗಲಿಲ್ಲ.

ಮೊದಲು ಜಾಗದ ಲೆಕ್ಕ ನೋಡಿ. ಏಳು ಪುಟಗಳಲ್ಲಿ ಜಿಹಾದ್‌ಗೆ ಒಂದೂವರೆ ಪುಟ ಹೋಗಿದೆ. ಯೇಸುವಿನ ತಾಯಿ ಮರಿಯಮ್ಮನವರಿಗೆ ಸಿಕ್ಕಿದ್ದು ಒಂದೇ ಸಾಲು: ‘ಕುರ್‌ಆನಿನಲ್ಲೂ ಮೇರಿಯ ಉಲ್ಲೇಖವಿದೆ.’ ಬರೀ ಉಲ್ಲೇಖವೇ? ಇಡೀ ಕುರ್‌ಆನಿನಲ್ಲಿ ಹೆಸರು ಹಿಡಿದು ಹೇಳಲಾಗಿರುವ ಹೆಂಗಸು ಅವರೊಬ್ಬರೇ. 19ನೆಯ ಅಧ್ಯಾಯಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಅಲ್ಲಿನ ಹೆರಿಗೆಯ ಸನ್ನಿವೇಶವನ್ನು ಓದಿದ್ದರೆ ನೀವು ಒಂದು ಸಾಲಿಗೆ ನಿಲ್ಲಿಸುತ್ತಿರಲಿಲ್ಲ. ಗೋದಲಿ ಇಲ್ಲ, ಜೋಸೆಫರೂ ಇಲ್ಲ. ಒಂಟಿಯಾಗಿ ದೂರ ಹೋದ ಹೆಣ್ಣು ಹೆರಿಗೆಯ ನೋವಿನಲ್ಲಿ ಖರ್ಜೂರದ ಮರದ ಬುಡಕ್ಕೆ ಬಂದು, ಇದಕ್ಕೆ ಮೊದಲೇ ಸತ್ತುಹೋಗಬಾರದಿತ್ತೇ ಎಂದು ಹಲುಬುತ್ತಾಳೆ. ದುಃಖಿಸಬೇಡ, ಮರವನ್ನು ಅಲ್ಲಾಡಿಸು, ಹಣ್ಣು ಉದುರುತ್ತದೆ, ತಿನ್ನು, ಕುಡಿ ಎಂಬ ದನಿ ಕೇಳಿಸುತ್ತದೆ. ಮಗುವನ್ನು ಎತ್ತಿಕೊಂಡು ತನ್ನವರ ಬಳಿಗೆ ಬಂದಾಗ ಜನ ಬೆರಳು ತೋರಿಸುತ್ತಾರೆ. ತೊಟ್ಟಿಲ ಕೂಸೇ ಬಾಯಿಬಿಟ್ಟು ತಾಯಿಯ ಮಾನ ಕಾಯುತ್ತದೆ.

ಇದೇ ಅಧ್ಯಾಯಕ್ಕೆ ಅಂಟಿಕೊಂಡ ಇನ್ನೊಂದು ಪ್ರಸಂಗವಿದೆ. ಮೆಕ್ಕಾದಲ್ಲಿ ಕಿರುಕುಳ ತಾಳಲಾರದೆ ಸುಮಾರು 615ರಲ್ಲಿ ಪ್ರವಾದಿ ಮುಹಮ್ಮದರ ಅನುಯಾಯಿಗಳು ಕೆಲವರು ಅಬಿಸೀನಿಯದ (ಇಂದಿನ ಇಥಿಯೋಪಿಯ ಭಾಗದ) ಕ್ರೈಸ್ತ ದೊರೆಯ ಆಶ್ರಯ ಬೇಡಿ ಹೋದರು. ಅವರನ್ನು ಹಿಡಿದೊಯ್ಯಲು ಮೆಕ್ಕಾದಿಂದ ದೂತರೂ ಬೆನ್ನಟ್ಟಿ ಬಂದರು. ನಿಮ್ಮ ಪ್ರವಾದಿ ಏನು ಬೋಧಿಸುತ್ತಾರೆ ಎಂದು ದೊರೆ ಕೇಳಿದಾಗ, ಪ್ರವಾದಿಯವರ ದಾಯಾದಿ ಜಾಫರ್ ಮರ್ಯಮ್ ಅಧ್ಯಾಯದ ಸಾಲುಗಳನ್ನು ಓದಿದರು, ದೊರೆ ಕಣ್ಣೀರಿಟ್ಟು ಆಶ್ರಿತರನ್ನು ಬಿಟ್ಟುಕೊಡಲು ಒಪ್ಪಲಿಲ್ಲ ಎಂದು ಇಸ್ಲಾಮೀ ಪರಂಪರೆ ಹೇಳುತ್ತದೆ. ಮುಸ್ಲಿಮರ ನೆನಪಿನಲ್ಲಿ ಮೊದಲ ಆಶ್ರಯದಾತ ಒಬ್ಬ ಕ್ರೈಸ್ತ. ನಿಮ್ಮ ಲೇಖನ ಇಲ್ಲಿಂದಲೇ ಶುರುವಾಗಬಹುದಿತ್ತು.

ಹಾಗೆಂದು ಸಿಹಿಯನ್ನಷ್ಟೇ ಹಂಚಬೇಡಿ. ಕೊನೆಯ ಪುಟದಲ್ಲಿ ‘ಎಲ್ಲ ಧರ್ಮಗಳ ಸಾರವೂ ಒಂದೇ’ ಎಂದು ಬರೆದು ಕೈತೊಳೆದುಕೊಂಡಿದ್ದೀರಿ. ಕುರ್‌ಆನಿನ ನಾಲ್ಕನೆಯ ಅಧ್ಯಾಯದ 157ನೆಯ ವಚನ ಯೇಸುವನ್ನು ಶಿಲುಬೆಗೇರಿಸಿ ಕೊಲ್ಲಲಾಗಲಿಲ್ಲ ಎನ್ನುತ್ತದೆ. ಅದೇ ಅಧ್ಯಾಯದ 171ನೆಯ ವಚನ ದೇವರನ್ನು ‘ಮೂರು’ ಎನ್ನಬೇಡಿ ಎನ್ನುತ್ತದೆ, ಅಂದರೆ ನಮ್ಮ ತ್ರಿತ್ವವನ್ನು ಒಪ್ಪುವುದಿಲ್ಲ. ಶುಭ ಶುಕ್ರವಾರದ ಆರಾಧನೆಗೆ ಹೋಗುವ ನಮಗೂ, ಐದು ಹೊತ್ತು ನಮಾಜ್ ಮಾಡುವ ಅವರಿಗೂ ಇದು ಸಣ್ಣ ಮಾತಲ್ಲ. ಭಿನ್ನಾಭಿಪ್ರಾಯವನ್ನು ಮುಚ್ಚಿಟ್ಟರೆ ಇಬ್ಬರ ನಂಬಿಕೆಯನ್ನೂ ಹಗುರ ಮಾಡಿದಂತಾಗುತ್ತದೆ. ನಾವೂ ವಿವರಿಸಬೇಕಾದದ್ದಿದೆ. ಐದನೆಯ ಅಧ್ಯಾಯದ 116ನೆಯ ವಚನದಲ್ಲಿ, ‘ನನ್ನನ್ನೂ ನನ್ನ ತಾಯಿಯನ್ನೂ ದೇವರಾಗಿ ಮಾಡಿಕೊಳ್ಳಿ ಎಂದು ಜನರಿಗೆ ನೀನು ಹೇಳಿದೆಯಾ?’ ಎಂದು ದೇವರು ಈಸಾರನ್ನು, ಅಂದರೆ ಯೇಸುವನ್ನು, ಕೇಳುತ್ತಾನೆ. ಮರಿಯಮ್ಮನವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ನಮ್ಮ ಮಕ್ಕಳು ಅವರ ಪ್ರತಿಮೆಗೆ ಹೂ ಎರಚುವುದನ್ನು ನೋಡುವ ಮುಸ್ಲಿಂ ನೆರೆಯವರ ಮನಸ್ಸಿನಲ್ಲಿ ಇದೇ ವಚನ ಇರಬಹುದು. ಗೌರವಕ್ಕೂ ಆರಾಧನೆಗೂ ನಾವು ಮಾಡುವ ವ್ಯತ್ಯಾಸವೇನು ಎಂದು ಅವರು ಕೇಳಿದರೆ ನಿಮ್ಮ ಉತ್ತರವೇನು? ಅದನ್ನು ಬರೆಯಿರಿ. (ಪ್ರಾಟೆಸ್ಟಂಟ್ ಓದುಗರೂ ನಮಗಿದ್ದಾರೆ. ಅವರಿಗೂ ಆ ಉತ್ತರ ಉಪಯೋಗಕ್ಕೆ ಬಂದೀತು!)

ಜಿಹಾದ್ ಭಾಗ ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳಿಂದ ಬಂದದ್ದು. ಅಲ್ಲಗಳೆಯಬೇಡಿ, ಆ ಕಾಗುಣಿತದ ತಪ್ಪುಗಳು ನನಗೂ ಪರಿಚಿತ. ಬಹುದೇವಾರಾಧಕರನ್ನು ಕಂಡಲ್ಲಿ ಕೊಲ್ಲಿ ಎನ್ನುವ, ಒಂಬತ್ತನೆಯ ಅಧ್ಯಾಯದ ಐದನೆಯ ವಚನವನ್ನು ಉಲ್ಲೇಖಿಸಿ ನಿಂತಿದ್ದೀರಿ. ಆರನೆಯದು ಏನು ಹೇಳುತ್ತದೆ? ಬಹುದೇವಾರಾಧಕನೊಬ್ಬ ಆಶ್ರಯ ಬೇಡಿದರೆ ಕೊಡು, ದೇವರ ಮಾತು ಕೇಳಿಸು, ಆಮೇಲೆ ಅವನನ್ನು ಸುರಕ್ಷಿತ ಜಾಗಕ್ಕೆ ತಲುಪಿಸು. ಒಪ್ಪಂದ ಮುರಿದವರೊಂದಿಗಿನ ಯುದ್ಧದ ಸಂದರ್ಭ ಅದು. ಅಮಾಲೇಕ್ಯರ ಹಸುಗೂಸುಗಳನ್ನೂ ಬಿಡಬೇಡ ಎನ್ನುವ, ನಮ್ಮ ಬೈಬಲಿನ ಒಂದನೆಯ ಸಮುವೇಲನ 15ನೆಯ ಅಧ್ಯಾಯವನ್ನು ಮುಂದಿಟ್ಟು ‘ಕ್ರೈಸ್ತರೆಂದರೆ ಇವರು’ ಎಂದು ಯಾರಾದರೂ ಬರೆದರೆ, ನಾವಿಬ್ಬರೂ ಆ ಪತ್ರಿಕೆಗೆ ಆಕ್ಷೇಪಣೆ ಕಳುಹಿಸುತ್ತಿದ್ದೆವು. ಭಯೋತ್ಪಾದನೆಯ ಬಗ್ಗೆ ಬರೆಯಬಾರದೆಂದಲ್ಲ, ಅದು ಬೇರೆಯೇ ಲೇಖನ.

ಟಿಪ್ಪುವಿನ ವಿಷಯ ಕಷ್ಟದ್ದು. 1784ರಲ್ಲಿ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು, ಇಗರ್ಜಿಗಳನ್ನು ಕೆಡವಿಸಿದ್ದು, 1799ರಲ್ಲಿ ಅವನು ಮಡಿದ ಮೇಲಷ್ಟೇ ಉಳಿದವರು ಮರಳಿದ್ದು ನಮ್ಮ ಮನೆಗಳಲ್ಲಿ ಇನ್ನೂ ಮಾಸದ ಕಥೆ. ಅದನ್ನು ಅಳಿಸಿ ಎನ್ನುವುದಿಲ್ಲ. ಆದರೆ ಸೆರೆಯಾದವರ ಸಂಖ್ಯೆಯನ್ನು ಒಬ್ಬೊಬ್ಬ ಲೇಖಕರು ಒಂದೊಂದು ಕೊಡುತ್ತಾರೆ, ನೀವು ಅತಿ ದೊಡ್ಡದನ್ನು ಆರಿಸಿ ಸಂಶಯವಿಲ್ಲದೆ ಬರೆದಿದ್ದೀರಿ. ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಅವನ ಗುಮಾನಿಯ ಸುದ್ದಿಯನ್ನೇ ಎತ್ತಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಮುಂದಿನ ವಾಕ್ಯ: ‘ಆದ್ದರಿಂದ ಎಚ್ಚರ ಅಗತ್ಯ.’ ಆ ‘ಆದ್ದರಿಂದ’ ಬಂದರಿನ ಬ್ಯಾರಿ ಮುಸ್ಲಿಂ ವ್ಯಾಪಾರಿಯ ಹೆಗಲಿಗೆ ಒಬ್ಬ ಸುಲ್ತಾನನ ಲೆಕ್ಕವನ್ನು ಹೊರಿಸುತ್ತದೆ. ಇತರ ಧರ್ಮಗಳ ಕುರಿತ, ಕಥೋಲಿಕ ಧರ್ಮಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆಯ ಘೋಷಣೆಯನ್ನು ‘ಇತ್ತೀಚಿನದು’ ಎಂದಿದ್ದೀರಿ. ಅದು 1965ರ ಅಕ್ಟೋಬರ್ 28ರದ್ದು. ಮುಸ್ಲಿಮರನ್ನು ಧರ್ಮಸಭೆ ಗೌರವದಿಂದ ಕಾಣುತ್ತದೆ ಎಂದಷ್ಟೇ ಅಲ್ಲ, ಹಿಂದಿನ ಹಗೆಗಳನ್ನು ಮರೆತು ಪರಸ್ಪರ ಅರಿಯಲು ದುಡಿಯಿರಿ ಎಂದೂ ಅದು ಹೇಳುತ್ತದೆ. ಈ ಮಾತನ್ನೂ ಶ್ರೀರಂಗಪಟ್ಟಣದ ಸೆರೆಯನ್ನೂ ಒಂದೇ ಪುಟದಲ್ಲಿಟ್ಟು ನೀವು ಏನು ಹೇಳುತ್ತೀರಿ ಎಂದು ಓದುವ ಕುತೂಹಲ ನನಗಿದೆ.

ಲೇಖನದಲ್ಲಿ ನಿಜವಾಗಿ ಜೀವವಿರುವುದು ಆರನೆಯ ಪುಟದ ನಾಲ್ಕು ಸಾಲುಗಳಲ್ಲಿ. ತಂಗಿಯ ಮದುವೆಗೆ ಬ್ಯಾರಿ ಸಹೋದ್ಯೋಗಿಯ ಕುಟುಂಬವನ್ನು ಕರೆದಿದ್ದಿರಿ, ಊಟದ ಹೊತ್ತಿಗೆ ‘ಸ್ವಲ್ಪ ಮುಜುಗರವಾಯಿತು’. ಏನಾಯಿತು, ಹೇಳಿ! ನಮ್ಮ ಮದುವೆಯೆಂದರೆ ಹಂದಿ ಮಾಂಸ, ವೈನ್. ಹಂದಿಯ ಪಾತ್ರೆಯ ಸೌಟು ಕೋಳಿಯ ಪಾತ್ರೆಗೂ ಇಳಿದರೆ ಅವರು ಅದನ್ನು ಮುಟ್ಟಲಾರರು. ಕೋಳಿ ಹಲಾಲ್ ಅಂಗಡಿಯದ್ದೇ ಎಂಬುದು ಇನ್ನೊಂದು ಪ್ರಶ್ನೆ. ಮೀನಿಗೆ ಆ ತೊಡಕಿಲ್ಲ. ಬೇರೆ ಮೇಜು ಹಾಕಿದರೆ ದೂರವಿಟ್ಟಂತಾಗುತ್ತದೆಯೋ, ಮೊದಲೇ ಫೋನ್ ಮಾಡಿ ಕೇಳಿದರೆ ಚೆನ್ನೋ? ನಾನಾದರೆ ಕೇಳುತ್ತೇನೆ. ನಿಮ್ಮ ಸಹೋದ್ಯೋಗಿ ಏನೆಂದರು ಎಂಬುದು ಇಸ್ಲಾಮಿನ ಪಂಚಸ್ತಂಭಗಳ ಪಟ್ಟಿಗಿಂತ ನಮ್ಮ ಓದುಗರಿಗೆ ಹೆಚ್ಚು ಬೇಕು. ಆ ಪಟ್ಟಿಯನ್ನು ಅರ್ಧಕ್ಕಿಳಿಸಿ. ಉಪವಾಸವನ್ನು ಮಾತ್ರ ಬೆಳೆಸಿ. 2025ರಲ್ಲೂ 2026ರಲ್ಲೂ ಈಸ್ಟರ್‌ಗೆ ಮೊದಲಿನ ನಮ್ಮ ತಪಸ್ಸುಕಾಲ ಮತ್ತು ರಮಝಾನ್ ಹೆಚ್ಚುಕಡಿಮೆ ಒಟ್ಟಿಗೇ ಶುರುವಾದವು. ಮಾಂಸ ಬಿಡುವ ನಾವು, ಬೆಳಗಿನಿಂದ ಸಂಜೆಯವರೆಗೆ ಹನಿ ನೀರೂ ಮುಟ್ಟದ ಅವರು, ಒಂದೇ ಕಚೇರಿಯಲ್ಲಿ.

‘ಮುಸಲ್ಮಾನರು ಹೀಗೆ’ ಎಂಬ ವಾಕ್ಯಗಳನ್ನು ಹುಡುಕಿ ಒಡೆಯಿರಿ. ಮಂಗಳೂರಿನ ಬ್ಯಾರಿಗಳಿಗೆ ಅವರದೇ ಭಾಷೆ ಇದೆ, ಭಟ್ಕಳದ ನವಾಯತರ ಮಾತು ಕೊಂಕಣಿಗೆ ಹತ್ತಿರದ್ದು, ಕಲಬುರಗಿಯಲ್ಲಿ ದಖನಿ ಕೇಳಿಸುತ್ತದೆ. ಯಾರ ಬಗ್ಗೆ ಬರೆಯುತ್ತಿದ್ದೀರೋ ಅವರನ್ನು ಹೆಸರಿಸಿ.

ತಿದ್ದಿದ ಪ್ರತಿಯನ್ನು ನನಗೆ ಕಳುಹಿಸುವ ಮೊದಲು ಅದೇ ಸಹೋದ್ಯೋಗಿಗೆ ಓದಲು ಕೊಡಿ. ಅವರು ಒಪ್ಪದ ಸಾಲುಗಳಿದ್ದರೆ ಅಳಿಸಬೇಡಿ, ಪಕ್ಕದಲ್ಲಿ ಅವರ ಆಕ್ಷೇಪ ಬರೆದು ಕಳುಹಿಸಿ, ಕೂತು ನೋಡೋಣ. ಶುಕ್ರವಾರದ ಜುಮಾ ನಮಾಜಿನ ಫೋಟೊ ಚೆನ್ನಾಗಿ ಬಂದಿದೆ, ಆದರೆ ಮುಂದಿನ ಸಾಲಿನವರ ಮುಖಗಳು ಸ್ಪಷ್ಟವಾಗಿ ಕಾಣುತ್ತವೆ. ಅವರನ್ನೂ ಮಸೀದಿಯವರನ್ನೂ ಕೇಳಿ ತೆಗೆದದ್ದೇ? ಇಲ್ಲವಾದರೆ ಫೋಟೊ ಬೇಡ.

ನಿಮ್ಮ,
ಸಂಪಾದಕ