ಮೊದಲ ಮಾಡೆಲ್ ಕಿಟ್‌ಗೆ ಯಾವ ಕಟರ್, ಯಾವ ಅಂಟು?

ಪ್ರಶ್ನೆ: 1/72 ಅಳತೆಯ ಪ್ಲಾಸ್ಟಿಕ್ ವಿಮಾನದ ಕಿಟ್ ಉಡುಗೊರೆಯಾಗಿ ಬಂದಿದೆ. ಎಲ್ಲ ಸಲಕರಣೆ ಇರುವ ಸೆಟ್ ಕೊಳ್ಳಲೇ, ಬಿಡಿಬಿಡಿಯಾಗಿ ಕೊಳ್ಳಲೇ? ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಬೇಕೇ ಬೇಕಾ?

ಉತ್ತರ: ಬಿಡಿಬಿಡಿಯಾಗಿಯೇ ಕೊಳ್ಳಿ. ಅಗ್ಗದ ಸೆಟ್‌ಗಳಲ್ಲಿ ಅರ್ಧ ಸಾಮಾನು ಡಬ್ಬಿ ಬಿಟ್ಟು ಹೊರಗೆ ಬರುವುದೇ ಇಲ್ಲ. ಕಿಟ್‌ನ ಭಾಗಗಳನ್ನು ಅವು ಅಂಟಿಕೊಂಡೇ ಬರುವ ಪ್ಲಾಸ್ಟಿಕ್ ಫ್ರೇಮಿನಿಂದ ಬಿಡಿಸಲು ದಿನವೂ ಕೈಗೆ ಬೇಕಾದ ಕಟರ್ರೇ ಅದರಲ್ಲಿ ಕಳಪೆಯಾಗಿರುವುದು ಹೆಚ್ಚು. ಆದ್ದರಿಂದ ಹಣ ಹಾಕುವುದಿದ್ದರೆ ಕಟರ್‌ಗೆ ಹಾಕಿ. ಪ್ಲಾಸ್ಟಿಕ್‌ಗೆಂದೇ ಮಾಡಿದ ಸೈಡ್ ಕಟರ್‌ನ ಒಂದು ಬದಿ ಚಪ್ಪಟೆಯಾಗಿರುತ್ತದೆ. ವೈರಿಂಗ್ ಕೆಲಸದ ಕಟರ್‌ನಲ್ಲಿ ಸಾಮಾನ್ಯವಾಗಿ ಎರಡೂ ಬದಿ ಇಳಿಜಾರು. ಅದು ಪ್ಲಾಸ್ಟಿಕ್ಕನ್ನು ಕತ್ತರಿಸುವುದಕ್ಕಿಂತ ಜಜ್ಜುವುದೇ ಜಾಸ್ತಿ. ಹೊಸ ಕಟರ್‌ನಲ್ಲಿ ತಂತಿ ಮಾತ್ರ ಕತ್ತರಿಸಬೇಡಿ, ಬಾಯಿ ಒಮ್ಮೆ ಮುಕ್ಕಾದರೆ ಮುಗಿಯಿತು.

ಉಳಿದದ್ದು ಸ್ವಲ್ಪವೇ: 11ನೇ ನಂಬರಿನ ಬ್ಲೇಡ್ ಕೂರುವ ಹಾಬಿ ಚಾಕು, ಕಟಿಂಗ್ ಮ್ಯಾಟ್, ಚೂಪು ಮೊನೆಯ ಚಿಮುಟ, 400, 600, 1000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಸ್ಯಾಂಡ್ ಪೇಪರ್), ಮಾಸ್ಕಿಂಗ್ ಟೇಪ್, ಮುಚ್ಚಳದಲ್ಲೇ ಬ್ರಷ್ ಇರುವ ತೆಳು ಸಿಮೆಂಟ್ (ಪ್ಲಾಸ್ಟಿಕ್ ಕಿಟ್‌ಗೆ ಬಳಸುವ ನೀರಾದ ಅಂಟು). ಬ್ಲೇಡ್ ಮೊಂಡಾದ ಕೂಡಲೇ ಬದಲಾಯಿಸಿ. ಮೊಂಡು ಬ್ಲೇಡಿಗೆ ಒತ್ತಡ ಹೆಚ್ಚು ಬೇಕು, ಜಾರಿ ಬೆರಳಿಗೆ ಬೀಳುವುದು ಆಗಲೇ. ಏರ್‌ಬ್ರಷ್ ಸದ್ಯಕ್ಕೆ ಬೇಡ. ಅಕ್ರಿಲಿಕ್ ಬಣ್ಣ, ಎರಡು ಒಳ್ಳೆಯ ಬ್ರಷ್ ಸಾಕು.

ಪ್ರಶ್ನೆ: ಫ್ರೇಮಿನಿಂದ ಬಿಡಿಸಿದ ಕಡೆ ಗುಂಡಿ ಬೀಳುತ್ತಿದೆ, ಬಿಳಿ ಕಲೆಯೂ ಆಗುತ್ತಿದೆ. ಅಂಟಿಸಿದ ಮೇಲೆ ನೋಡಿದರೆ ರೆಕ್ಕೆಯ ಮೇಲೆ ನನ್ನ ಬೆರಳಚ್ಚು!

ಉತ್ತರ: ಒಂದೇ ಏಟಿಗೆ ಬುಡಕ್ಕೇ ಕತ್ತರಿಸುತ್ತಿದ್ದೀರಿ. ಮೊದಲು ಭಾಗದಿಂದ 2–3 ಮಿ.ಮೀ. ದೂರದಲ್ಲಿ ಕತ್ತರಿಸಿ ಬಿಡಿಸಿಕೊಳ್ಳಿ. ಆಮೇಲೆ ಕಟರ್‌ನ ಚಪ್ಪಟೆ ಬದಿಯನ್ನು ಭಾಗದ ಕಡೆಗಿಟ್ಟು, ಅರ್ಧ ಮಿ.ಮೀ. ಉಳಿಸಿ ಮತ್ತೆ ಕತ್ತರಿಸಿ. ಆ ಮೊಳಕೆಯನ್ನು ಚಾಕುವಿನಿಂದ ತೆಳುವಾಗಿ ಹೆರೆದು, 400ರಿಂದ ಶುರುಮಾಡಿ 1000ದವರೆಗೆ ನೀರು ಹಾಕಿ ಉಜ್ಜಿ. ಬಿಳಿ ಕಲೆ ಪ್ಲಾಸ್ಟಿಕ್ ಜಗ್ಗಿದ್ದರ ಗುರುತು, ಬಣ್ಣದಡಿ ಮುಚ್ಚಿಹೋಗುತ್ತದೆ. ಈಗಾಗಲೇ ಬಿದ್ದ ಗುಂಡಿಗೆ ಪುಟ್ಟಿಯೇ ಗತಿ.

ಬೆರಳಚ್ಚಿಗೆ ಕಾರಣ ಬೇರೆ. ತೆಳು ಸಿಮೆಂಟ್ ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ದ್ರಾವಕ. ಬಿರುಕು ಸಿಕ್ಕಲ್ಲೆಲ್ಲ ತಾನೇ ಹರಿಯುತ್ತದೆ, ಸಂದಿನ ಮೇಲೆ ಬೆರಳಿದ್ದರೆ ಅದರಡಿಗೂ. ಭಾಗಗಳನ್ನು ಒಣದಾಗಿಯೇ ಕೂಡಿಸಿ ನೋಡಿ, ಮಾಸ್ಕಿಂಗ್ ಟೇಪ್‌ನಿಂದ ಬಿಗಿದು, ಟೇಪ್ ಇಲ್ಲದ ಜಾಗದಲ್ಲಿ ಬ್ರಷ್‌ನ ತುದಿ ತಾಗಿಸಿ. ಅಚ್ಚು ಬಿದ್ದರೆ ಒರೆಸಬೇಡಿ, ಇನ್ನಷ್ಟು ಹರಡುತ್ತದೆ. 24 ಗಂಟೆ ಬಿಟ್ಟು ಉಜ್ಜಿ. ಅವಸರಪಟ್ಟು ಉಜ್ಜಿದ ಸಂದು ಒಣಗುತ್ತಾ ಒಳಗೆ ಕುಸಿದು, ಬಣ್ಣ ಬಳಿದ ಮೇಲೆ ಗೆರೆಯಾಗಿ ಕಾಣುತ್ತದೆ. ಕಿಟಕಿ ತೆರೆದಿಟ್ಟೇ ಕೆಲಸ ಮಾಡಿ, ಅದರ ಆವಿ ಒಳ್ಳೆಯದಲ್ಲ.

ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳಕ್ಕೆ ಈ ಸಿಮೆಂಟ್ ಬೇಡ. ಸೂಪರ್ ಗ್ಲೂ ಕೂಡ ಬೇಡ, ಅದರ ಆವಿಗೆ ಮುಚ್ಚಳ ಮಬ್ಬಾಗುತ್ತದೆ. ಮರಗೆಲಸದ ಬಿಳಿ ಅಂಟು ಹಚ್ಚಿ. ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ಒಣಗಿದ ಮೇಲೆ ಕಲೆಯೂ ಕಾಣದು.