ರೋಡ್ ಆಯ್ತು, ಬಿಸಿನೆಸ್ ಎಲ್ಲಿ?

ಕುಮಟಾದ ಓದುಗರೇ, ನಿಮ್ಮ ಪತ್ರ ತಲುಪ್ತು. ಕೊಂಕಣ ರೈಲು 1998ರಲ್ಲೇ ಬಂತು, ಹೈವೇನೂ ಅಗಲ ಆಯ್ತು, ಆದ್ರೂ ನಮ್ಮ ಹುಡುಗ್ರು ಬೆಂಗಳೂರು ಬಸ್ ಹತ್ತೋದು ನಿಂತಿಲ್ಲ, ಹಾಗಾದ್ರೆ ಸುರಿದ ದುಡ್ಡೆಲ್ಲ ದಂಡವಾ ಅಂತ ಕೇಳಿದ್ದೀರಿ. ಹುಬ್ಬಳ್ಳಿ-ಅಂಕೋಲಾ ಹೊಸ ರೈಲು ಮಾರ್ಗ ಆಗ್ಲಿ ಅಂತ ಪತ್ರಿಕೆ ದನಿ ಎತ್ಬೇಕು ಅಂತಾನೂ ಬರೆದಿದ್ದೀರಿ.

ದಂಡ ಅಲ್ಲ ಮಾರಾಯ್ರೇ. ಆದ್ರೆ ರೋಡ್ ಆದ್ರೆ ಫ್ಯಾಕ್ಟರಿ ತಾನಾಗೇ ಬರ್ತದೆ ಅನ್ನೋದನ್ನ ನಾನು ಒಪ್ಪೋದಿಲ್ಲ, ಯಾಕಂದ್ರೆ ರೋಡಲ್ಲಿ ಮಾಲು ಹೋಗೋದಷ್ಟೇ ಅಲ್ಲ, ಬರೋದೂ ಉಂಟು, ದೊಡ್ಡ ಸಿಟಿ ಮಾಲು ಬಂದ್ರೆ ಸಣ್ಣ ಊರಿನ ಫ್ಯಾಕ್ಟರಿಗೆ ಪೈಪೋಟಿ. ಚೀನಾದಲ್ಲಿ ದೊಡ್ಡ ಸಿಟಿಗಳನ್ನ ಜೋಡ್ಸೋಕೆ ಹೈವೇ ಮಾಡಿದಾಗ ನಡುವೆ ಸಿಕ್ಕಿದ ಸಣ್ಣ ಊರುಗಳಲ್ಲಿ ಇಂಡಸ್ಟ್ರಿ ಬೆಳೆಯೋ ವೇಗ, ಹೈವೇ ಮುಟ್ಟದ ಅಂಥದೇ ಊರುಗಳಿಗಿಂತ ಕಮ್ಮಿ ಆಯ್ತು ಅಂತ ಅರ್ಥಶಾಸ್ತ್ರಜ್ಞ ಬೆಂಜಮಿನ್ ಫೇಬರ್ 2014ರಲ್ಲಿ ತೋರಿಸಿದ್ರು. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತಾ ಜೋಡ್ಸೋ ನಮ್ಮ ಸುವರ್ಣ ಚತುಷ್ಪಥ ಹೈವೇಯ ಲಾಭಾನೂ ಹೆಚ್ಚಾಗಿ ರಸ್ತೆಯ 10 ಕಿ.ಮೀ. ಒಳಗಿನ ಜಿಲ್ಲೆಗಳಿಗೇ ಸಿಕ್ತು. ಅದು ಹುಬ್ಬಳ್ಳಿ ಮೇಲೆ ಹೋಗ್ತದೆ, ನಾವು ಘಟ್ಟದ ಕೆಳಗೆ.

ಈಗ ಶಿರಸಿ ನೋಡಿ. ರೈಲಿಲ್ಲ, ಆದ್ರೂ ಅಡಿಕೆ ಮಾರ್ಕೆಟ್ ಗಟ್ಟಿ ನಿಂತಿದೆ. ಚೀಲ ಇಳಿಸಿದ್ರೆ ಸಾಕು, ಅಡಿಕೆ ನಮೂನೆಗಳಲ್ಲಿ ರಾಶಿ ಯಾವ್ದು ಚಾಲಿ ಯಾವ್ದು ಬೆಟ್ಟೆ ಯಾವ್ದು ಕೆಂಪುಗೋಟು ಯಾವ್ದು ಅಂತ ಕಣ್ಣಲ್ಲೇ ಹೇಳೋರು, ಟೆಂಡರ್ ಹಾಕೋ ವ್ಯಾಪಾರಸ್ಥರು, ಲಾರಿ, ಸಾಲ, ಎಲ್ಲ ಒಂದೇ ಪ್ಯಾಟೇಲಿ ಸಿಗ್ತದೆ, ಬೆಳೆಗಾರರ ಸಹಕಾರಿ ಮಾರಾಟ ಸಂಘ ಟಿಎಸ್‌ಎಸ್ ಅಂತೂ 1923ರಿಂದ ಉಂಟು. ಕಸುಬು ಬಲ್ಲೋರು, ಪೂರಕ ಧಂದೆ, ಒಬ್ರಿಂದೊಬ್ರಿಗೆ ಹರಡೋ ತಿಳುವಳಿಕೆ ಒಂದೇ ಕಡೆ ಸೇರಿದ್ರೆ ಪ್ರತಿಯೊಬ್ಬನ ಕೆಲ್ಸಾನೂ ಚುರುಕಾಗ್ತದೆ ಅಂತ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಬರೆದಿಟ್ಟಿದ್ರು. ಬೆಂಗಳೂರು ಎಳೀತಿರೋದೂ ಇದೇ ಶಕ್ತಿಯಿಂದ, ಟ್ರಾಫಿಕ್ ಸಹಿಸ್ಕೊಂಡೂ ಜನ ಹೋಗ್ತಾರೆ!

ಇನ್ನು ನಮ್ಮ ರೋಡಿನ ಅಸಲಿ ತೊಂದರೆ ಅಗಲದ್ದಲ್ಲ, ಭರವಸೆದು. 2024ರ ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಲ್ಲಿ ಹೈವೇ ಮೇಲೆ ಗುಡ್ಡ ಕುಸೀತು, ಆಗಸ್ಟ್ 7ಕ್ಕೆ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಲೋಡ್ ಯಾವಾಗ ತಲುಪ್ತದೆ ಗ್ಯಾರಂಟಿ ಇಲ್ಲ ಅಂದ್ರೆ ಅಂಗಡಿಯವ ಎಕ್ಸ್‌ಟ್ರಾ ಸ್ಟಾಕ್ ಇಡ್ಬೇಕು, ಬೇರೆ ಕಡೆ ದುಡೀಬೇಕಾದ ದುಡ್ಡು ಗೋಡೌನಲ್ಲಿ ಕೂತಿರ್ತದೆ, ಮೇಲಿಂದ ಅದ್ರ ಬಡ್ಡಿ ಬೇರೆ. ಹೊಸ ಲೇನ್‌ಗಿಂತ ಮೊದ್ಲು ಗುಡ್ಡಕ್ಕೆ ಸರಿಯಾದ ತಡೆಗೋಡೆ, ನೀರು ಹೋಗೋಕೆ ಚರಂಡಿ ಆಗ್ಲಿ ಅಂತ ನನ್ನ ಹಠ.

ಹುಬ್ಬಳ್ಳಿ-ಅಂಕೋಲಾ ಬಗ್ಗೆ ಖಂಡಿತ ಬರೀತೇನೆ. ಅದ್ರ ಜೊತೆಗೇ ಇನ್ನೊಂದನ್ನೂ ಕೇಳ್ತೇನೆ: ಆ ಲೈನ್‌ಗೆ ಮೊದ್ಲಿಂದ ಲೆಕ್ಕ ಹಾಕಿದ್ದು ಘಟ್ಟದ ಮೇಲಿನ ಅದಿರನ್ನ, ನಿಮ್ಮ ಮುರುಗಲು, ಹಲಸು, ಮೀನು ಇಡೋಕೆ ಅಂಕೋಲಾ ಸ್ಟೇಷನ್ ಹತ್ರ ಕೋಲ್ಡ್ ಸ್ಟೋರೇಜ್ ಯಾರು ಕಟ್ತಾರೆ?