ಅಂಚೆಯೋ ಕೊರಿಯರೋ ಎಂಬುದು ಆಮೇಲಿನ ಮಾತು

ಹಾಸನದಿಂದ ಜರ್ಮನಿ, ಅಮೆರಿಕಕ್ಕೆ ಕಾಫಿ ಪುಡಿ ಕಳುಹಿಸಲು ಅಂಚೆ ಅಗ್ಗವೋ ಕೊರಿಯರೋ ಎಂದು ಕೇಳಿದ್ದೀರಿ. 2023ರಲ್ಲಿ ಚಿಕ್ಕಮಗಳೂರಿನಲ್ಲಿ ಕುಳಿತು ನಾನೂ ಇದನ್ನೇ ಲೆಕ್ಕ ಹಾಕುತ್ತಿದ್ದೆ. ದರಪಟ್ಟಿ ಬಾಯಿಪಾಠವಾಗಿತ್ತು. ನಾನು ಮುಗ್ಗರಿಸಿದ್ದು ದರದಲ್ಲಲ್ಲ, ಒಂದೇ ಒಂದು ಪದದಲ್ಲಿ.

ಮ್ಯೂನಿಕ್‌ನಲ್ಲಿ ನೆಲೆಸಿದ ಸಕಲೇಶಪುರ ಕಡೆಯ ಹೆಣ್ಣುಮಗಳೊಬ್ಬರು ಎರಡು ಕಿಲೋ ಪುಡಿ ಕೇಳಿದರು, ಚಿಕೋರಿ ಬೆರೆಸದ್ದು. ಪುಡಿಗೆ 1,600, ಅಂಚೆ ವೆಚ್ಚ ಸೇರಿ 4,000 ರೂಪಾಯಿ ಮುಂಗಡವಾಗಿ ಕೊಟ್ಟರು. ಕಸ್ಟಮ್ಸ್ ಘೋಷಣೆಯ ಚೀಟಿ ತುಂಬುವಾಗ ಸಾಲಿನಲ್ಲಿ ನನ್ನ ಹಿಂದಿದ್ದವರು, "ಗಿಫ್ಟ್ ಎಂದು ಬರೆದುಬಿಡಿ, ಎಲ್ಲರೂ ಹಾಗೇ ಬರೆಯುವುದು" ಎಂದರು. ಬರೆದೆ. ಬೆಲೆ 500 ಎಂದೂ ಬರೆದೆ. ವಿದೇಶಕ್ಕೆ ಮಾರುವವರಿಗೆ ಬೇಕಾದ ಆಮದು-ರಫ್ತು ಸಂಕೇತ ಸಂಖ್ಯೆ ಮಾಡಿಸುವ ತಾಪತ್ರಯವೂ ತಪ್ಪಿತು ಎಂದು ಬೀಗಿದೆ.

ಈ ತಪ್ಪನ್ನು ಬಿಡಿಸಿ ಹೇಳಲೇಬೇಕು. ಉಡುಗೊರೆ ಎಂದರೆ ಹಣ ಪಡೆಯದೆ ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಕಳುಹಿಸಿದ್ದು. ನನ್ನ ಡಬ್ಬದ ಮೇಲೆ ಅಂಗಡಿಯ ಸ್ಟಿಕ್ಕರ್ ಇತ್ತು. ಒಳಗೆ, ಶಿಸ್ತಿನ ವ್ಯಾಪಾರಿ ಎನಿಸಿಕೊಳ್ಳಲು ನಾನೇ ಇಟ್ಟ 4,000 ರೂಪಾಯಿಯ ಬಿಲ್ಲು! ನಿಜವಾದ ಉಡುಗೊರೆಯೇ ಆಗಿದ್ದರೂ ಕಾಫಿಗೆ ಅಲ್ಲಿ ಸಿಗುವ ವಿನಾಯಿತಿ 500 ಗ್ರಾಂವರೆಗೆ ಮಾತ್ರ. ಜರ್ಮನಿಯಲ್ಲಿ ಕಾಫಿಗೆಂದೇ ಒಂದು ತೆರಿಗೆ ಇದೆ, ಹುರಿದ ಕಾಫಿಯಾದರೆ ಕಿಲೋಗೆ 2.19 ಯೂರೋ. ಅದರ ಮೇಲೆ ಶೇಕಡಾ 7ರ ಮೌಲ್ಯವರ್ಧಿತ ತೆರಿಗೆ. ನಿಜ ಬರೆದಿದ್ದರೆ ತೆರಿಗೆಯೆಲ್ಲ ಸೇರಿ ಏಳೆಂಟು ಯೂರೋ ಆಗುತ್ತಿತ್ತು, ಅಷ್ಟೇ.

ಡಬ್ಬವನ್ನು ಅಲ್ಲಿನ ಸುಂಕದವರು ತಡೆದರು. ಆಕೆ ಕೆಲಸಕ್ಕೆ ರಜೆ ಹಾಕಿ ಸುಂಕದ ಕಚೇರಿಗೆ ಹೋಗಿ, ಅಧಿಕಾರಿಯ ಎದುರೇ ಡಬ್ಬ ಬಿಚ್ಚಬೇಕಾಯಿತು. ಯಾರು ಕೊಟ್ಟ ಉಡುಗೊರೆ ಎಂದು ಕೇಳಿದರೆ ಏನು ಹೇಳಿಯಾರು? ಬಿಟ್ಟು ಬಂದರು. "ನಿಮ್ಮಿಂದ ಸುಳ್ಳುಗಾತಿಯಂತೆ ನಿಲ್ಲಬೇಕಾಯಿತು" ಎಂದು ಬರೆದರು, ಮತ್ತೆಂದೂ ಕೊಳ್ಳಲಿಲ್ಲ. ಹಣ ವಾಪಸ್ ಕೊಟ್ಟೆ. ಪುಡಿ ಎರಡೂವರೆ ತಿಂಗಳಿಗೆ ಘಮ ಕಳೆದುಕೊಂಡು ಮನೆಗೆ ಬಂತು. ಅಮ್ಮ ಅದನ್ನು "ಜರ್ಮನಿ ನೋಡಿ ಬಂದ ಕಾಫಿ" ಎಂದು ಬಂದವರಿಗೆಲ್ಲ ಮಾಡಿಕೊಟ್ಟರು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ನೂರಿನ್ನೂರು ರೂಪಾಯಿ ಉಳಿಸುವ ದಾರಿ ಹುಡುಕುವ ಮೊದಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಆಮದು-ರಫ್ತು ಸಂಕೇತ ಸಂಖ್ಯೆ ಪಡೆಯಿರಿ. ಶುಲ್ಕ 500 ರೂಪಾಯಿ. ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರಗಳನ್ನು ದೃಢಪಡಿಸದಿದ್ದರೆ ಅದು ನಿಷ್ಕ್ರಿಯವಾಗುತ್ತದೆ; ಮರೆಯಬೇಡಿ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರದ (ಅಂಚೆ ಮೂಲಕ ರಫ್ತಿಗೆಂದಿರುವ ಕೇಂದ್ರ) ಮೂಲಕವೇ ರಫ್ತು ಬಿಲ್ಲು, ಅಂದರೆ ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆ, ಸಲ್ಲಿಸಬಹುದು. ಚೀಟಿಯಲ್ಲಿ ಬರೀ "ಆಹಾರ ಪದಾರ್ಥ" ಎನ್ನಬೇಡಿ. ಹುರಿದ ಕಾಫಿ, ಅದರ ಸುಂಕದ ಸಂಕೇತ 0901 21, ಇಷ್ಟು ಗ್ರಾಂ, ಬಿಲ್ಲಿನಲ್ಲಿರುವಷ್ಟೇ ಬೆಲೆ ಎಂದು ಬರೆಯಿರಿ. ಅಲ್ಲಿ ಕಟ್ಟಬೇಕಾದ ತೆರಿಗೆಯನ್ನು ಹಣ ಪಡೆಯುವ ಮೊದಲೇ ಗ್ರಾಹಕರಿಗೆ ತಿಳಿಸಿ.

ಅಮೆರಿಕವನ್ನು ಮೊದಲ ವರ್ಷ ಮುಟ್ಟಬೇಡಿ. 800 ಡಾಲರ್‌ವರೆಗೆ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಮುಗಿಯಿತು. ಆ ಗೊಂದಲದಲ್ಲಿ ನಮ್ಮ ಅಂಚೆಯವರು ಅಕ್ಟೋಬರ್ ಮಧ್ಯದವರೆಗೆ ಅಲ್ಲಿಗೆ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ಬಹುಮಟ್ಟಿಗೆ ನಿಲ್ಲಿಸಿದ್ದರು. ಜರ್ಮನಿಯೊಂದನ್ನೇ ಹಿಡಿಯಿರಿ, ಅರ್ಧ ಕಿಲೋದಿಂದ ಶುರು ಮಾಡಿ.